ಓಬಕ್ಕನ ಕೈ

ದಾವಣಗೆರೆಯಲ್ಲಿ ಆಗ ಯಾವ ಪಕ್ಷ ಹುಟ್ಟಿದರೂ, ಯಾವ ಪಕ್ಷ ಸತ್ತರೂ ಮೊದಲು ಗೊತ್ತಾಗುತ್ತಿದ್ದುದು ನನಗೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹತ್ತಿ ಮಿಲ್ಲಿನ ಗೇಟಿನಿಂದ ಕೂಗಳತೆಯಲ್ಲಿ ನನ್ನದೊಂದು ಪ್ರೆಸ್ಸು ಇತ್ತು. ಕಾಲಿನಲ್ಲಿ ತುಳಿಯುವ ಒಂದು ಟ್ರೆಡಲ್ ಯಂತ್ರ, ಗೋಡೆಗೆ ಒರಗಿಸಿದ ಅಚ್ಚುಮೊಳೆಯ ಗೂಡುಗಳು, ಮುಂದೊಂದು ಜಗಲಿ. ಬೆಳಿಗ್ಗೆ ಸಾಹುಕಾರರ ಪಕ್ಷದವರು ಬಂದು ‘ಕೂಲಿಕಾರರ ನಿಜವಾದ ಬಂಧುಗಳು ನಾವೇ’ ಎಂದು ಬರೆದುಕೊಟ್ಟು ಹೋಗುವರು. ಸಂಜೆ ಕೂಲಿಕಾರರ ಪಕ್ಷದವರು ಬಂದು ಅದನ್ನೇ ಬರೆದುಕೊಡುವರು. ಅದೇ ಮೊಳೆ, ಅದೇ ಮಸಿ. ನಾನು ಕೆಳಗಿನ ಹೆಸರು ಬದಲಿಸಿ ತುಳಿಯುತ್ತಿದ್ದೆ. “ನಿಮಗೆ ಒಂದು ನ್ಯಾಯ ನೀತಿ ಐತೇನ್ರಿ?” ಎಂದು ನನ್ನ ಹೆಂಡತಿ ಛೇಡಿಸುವಳು. “ಬಾವಿ ನೀರು ಯಾರು ಸೇದಿದ್ರೂ ಬರ್ತೈತೆ ಕಣೆ, ಸುಮ್ಕಿರು” ಎನ್ನುತ್ತಿದ್ದೆ. ಬಂದವರಿಗೆ ಇಲ್ಲ ಎಂದವನೇ ಅಲ್ಲ ನಾನು. ಒಂದು ಸಲ ಮಾತ್ರ ಇಲ್ಲ ಎಂದೆ. ಅದಕ್ಕೆ ಕಾರಣ ಓಬಕ್ಕ.

ಓಬಕ್ಕ ಭಾನುವಳ್ಳಿ ಕಡೆಯವಳು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ. ಗಂಡನ ಮನೆಯವರು ‘ಕಾಲ್ಗುಣ’ ಎಂದರಂತೆ. ಅಂದವರ ಬಾಯಿಗೆ ಮಣ್ಣು ಬೀಳಲಿ, ಎದ್ದು ಬಂದವಳು ದಾವಣಗೆರೆಯ ಮಿಲ್ಲಿಗೆ ಸೇರಿದಳು. ವೈಂಡಿಂಗ್ ಖಾತೆ ಎನ್ನುತ್ತಿದ್ದರು, ನೂಲನ್ನು ಕಂಡಿಕೆಗೆ ಸುತ್ತುವ ಕಡೆ. ಅಲ್ಲಿ ಬರೀ ಹೆಂಗಸರು. ಸಂಜೆ ಮಿಲ್ಲಿನ ಕೂಗು ಆದ ಮೇಲೆ ಅವರೆಲ್ಲ ನನ್ನ ಜಗಲಿಯ ಮುಂದೆ ಹಾದು ಹೋಗುವಾಗ ಅವರ ರೆಪ್ಪೆಯ ಮೇಲೂ ಅರಳೆಯ ಎಳೆ ಕೂತಿರುತ್ತಿತ್ತು. ಓಬಕ್ಕ ಎತ್ತರದ ಹೆಂಗಸು, ಕಪ್ಪು, ಗಟ್ಟಿ ಮೂಳೆ. ಬಾಯಿ ಅಂತೂ ದೇವರೇ ಕಾಪಾಡಬೇಕು. ನಲ್ಲಿಯ ಹತ್ತಿರ ನಿಂತು ಅವಳು ಯಾರನ್ನಾದರೂ ಕರೆದರೆ ಸ್ಟೇಷನ್ನಿನಲ್ಲಿ ನಿಂತವರು ತಿರುಗಿ ನೋಡುವರು ಎಂದು ನಾವು ನಗುತ್ತಿದ್ದೆವು.

ಆ ಕಾಲಕ್ಕೆ ಶ್ರಮಿಕ ಪಕ್ಷದ ಶಾಖೆ ನಮ್ಮ ಬೀದಿಯಲ್ಲಿ ಶುರುವಾಯಿತು. ಅದರ ಕಾರ್ಯದರ್ಶಿ ಸೂರಪ್ಪ, ಅದೇ ಮಿಲ್ಲಿನ ಮಗ್ಗದ ಖಾತೆಯವನು. ಮೊದಲ ಮುಷ್ಕರದಲ್ಲಿ ಲಾಠಿ ಏಟಿಗೆ ಮುಂದಿನ ಎರಡು ಹಲ್ಲು ಕಳೆದುಕೊಂಡವನು. ಸೂರಪ್ಪ ಕೆಟ್ಟವನಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಉಗಿದು ಸುಮ್ಮನಾಗಬಹುದಿತ್ತು. ಶಾಖೆಯಲ್ಲಿ ಒಂದು ಪದ್ಧತಿ ಇತ್ತು: ಏನೇ ತೀರ್ಮಾನವಾದರೂ ಮಿಲ್ಲಿನ ಗೇಟಿನ ಎದುರಿನ ಹುಣಸೆಮರದ ಕೆಳಗೆ, ಎಲ್ಲರ ಎದುರಿಗೇ, ಕೈ ಎತ್ತಿಸಿ. ಬಾಗಿಲು ಹಾಕಿಕೊಂಡು ಮಾಡುವ ವ್ಯವಹಾರ ಸಾಹುಕಾರರದು, ನಮ್ಮದಲ್ಲ ಎಂದು ಸೂರಪ್ಪ ಎದೆ ತಟ್ಟಿ ಹೇಳುತ್ತಿದ್ದ.

ಮೊದಲನೆಯ ಸಭೆಯಲ್ಲೇ ಒಂದು ಫಜೀತಿಯಾಯಿತು. ಗಂಡಸರು ಮುಂದೆ ಕೂತುಬಿಟ್ಟರು, ಹೆಂಗಸರಿಗೆ ಹಿಂದೆ ಜಾಗ. ಮೈಕು ಕೆಟ್ಟಿತು. ಸೂರಪ್ಪನ ಮಾತು ಹಲ್ಲಿಲ್ಲದ ಸಂದಿಯಿಂದ ಗಾಳಿಯಾಗಿ ಹೋಗುತ್ತಿತ್ತು. ಹೆಂಗಸರಿಗೆ ಒಂದಕ್ಷರ ಕೇಳಿಸದು. ಕರಿಯವ್ವ ಎನ್ನುವವಳು, ಓಬಕ್ಕನ ಪಕ್ಕದ ಸಾಲಿನಲ್ಲಿ ಕೆಲಸ ಮಾಡುವವಳು, ಬೇಸರದಿಂದ ಕೇಳಿದಳು:

“ಯಾವಾಗ ಎತ್ತಬೇಕೋ ತಿಳೀವಲ್ದಲ್ಲೇ ಓಬಕ್ಕ.”

“ನನ್ ಕೈ ನೋಡ್ರಿ,” ಎಂದಳು ಓಬಕ್ಕ. “ನಾನು ಎತ್ತಿದ್ರೆ ಎತ್ರಿ. ಇಲ್ಲಾಂದ್ರೆ ಮಡ್ಲಾಗ ಇಟ್ಕಳ್ರಿ.”

ಅವಳು ಹೋಗಿ ಹುಣಸೆಮರದ ಕಟ್ಟೆಯ ತುದಿಯಲ್ಲಿ, ಸೂರಪ್ಪನ ಮಾತು ಕೇಳುವಷ್ಟು ಹತ್ತಿರ, ಹೆಂಗಸರಿಗೆ ಕಾಣುವಂತೆ ನಿಂತಳು. ಅಂದಿನಿಂದ ಅದು ಅವಳ ಜಾಗವಾಯಿತು. ಅವಳ ಕೈ ಎದ್ದರೆ ವೈಂಡಿಂಗ್ ಖಾತೆಯ ಅಷ್ಟೂ ಕೈ ಏಳುತ್ತಿದ್ದವು. ಗಂಡಸರು “ಕುರಿ ಹಿಂಡು” ಎಂದು ನಗುತ್ತಿದ್ದರು. ನಗುವವರಿಗೆ ಗೊತ್ತಿರಲಿಲ್ಲ. ಸಭೆಯ ಹಿಂದಿನ ಸಂಜೆ ಓಬಕ್ಕ ನಲ್ಲಿಯ ಹತ್ತಿರ, ಒಲೆಯ ಮುಂದೆ, ಒಬ್ಬೊಬ್ಬಳನ್ನೂ ಕೇಳಿಕೊಂಡು ಬರುತ್ತಿದ್ದಳು. ಹಿಂಗಿಂಗಂತೆ, ಏನಂತೀಯ? ಬೇಕಾ ಬ್ಯಾಡಾ? ಹೆಚ್ಚಿನವರು ಬ್ಯಾಡ ಅಂದರೆ ಮರುದಿನ ಅವಳ ಕೈ ಏಳುತ್ತಿರಲಿಲ್ಲ, ಸೂರಪ್ಪ ಕಣ್ಣು ಕೆಕ್ಕರಿಸಿ ನೋಡಿದರೂ ಏಳುತ್ತಿರಲಿಲ್ಲ. ಕೇಳಿ ಎತ್ತುವ ಕೈ ಅದು. ಅದಕ್ಕೇ ಅದರ ಹಿಂದೆ ಅಷ್ಟು ಕೈಗಳಿದ್ದವು.

ಶಾಖೆ ಕೆಲಸ ಮಾಡಲಿಲ್ಲವೆಂದು ನಾನು ಹೇಳಲಾರೆ. ಕೂಲಿಕಾರರ ಓಣಿಗೆ ನಲ್ಲಿ ಬಂದದ್ದು ಶಾಖೆಯಿಂದ. ಮಿಲ್ಲಿನೊಳಗೆ ಕೂಸುಗಳನ್ನು ಮಲಗಿಸಲು ಒಂದು ಕೋಣೆ ಬೇಕೆಂದು ಓಬಕ್ಕ ಹಟ ಹಿಡಿದಳು. ಗಂಡಸರಿಗೆ ಅದೊಂದು ಬೇಡಿಕೆ ಎಂದೇ ಅನ್ನಿಸಿರಲಿಲ್ಲ. ಕೊನೆಗೆ ಹೆಂಗಸರೆಲ್ಲ ಕೂಸುಗಳನ್ನು ಎತ್ತಿಕೊಂಡು ಬಂದು ಮ್ಯಾನೇಜರನ ಕಚೇರಿಯ ಮೆಟ್ಟಿಲ ಮೇಲೆ ಮಲಗಿಸಿ ಕೆಲಸಕ್ಕೆ ಹೋದರು. ಆ ಕೂಸುಗಳ ಅಳು ತಡೆಯಲಾರದೆ ಮಧ್ಯಾಹ್ನದೊಳಗೆ ಕೋಣೆ ಸಿಕ್ಕಿತು. ಹೆಂಗಸರಿಗೆ ಕುಮ್ಮಕ್ಕು ಕೊಟ್ಟನೆಂದು ಮಿಲ್ಲಿನವರು ದೂರು ಕೊಟ್ಟು ಸೂರಪ್ಪನನ್ನು ಒಂದು ವಾರ ಜೈಲಿಗೆ ಹಾಕಿಸಿದರು. ಐವತ್ತೇಳರ ಆಸುಪಾಸಿನ ಪುರಸಭೆ ಚುನಾವಣೆಯಲ್ಲಿ ಸೂರಪ್ಪ ಗೆದ್ದದ್ದೂ ಈ ಹೆಂಗಸರಿಂದಲೇ. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ ಇಡುತ್ತಿದ್ದರು, ಪೆಟ್ಟಿಗೆಗೆ ಚಿಹ್ನೆ ಅಂಟಿಸುತ್ತಿದ್ದರು. ಶಾಖೆಯ ಚಿಹ್ನೆ ಕಂದೀಲು. “ಕಂದೀಲಿನ ಪೆಟ್ಟಿಗಿಗೆ ಚೀಟಿ ಬಿಡ್ರಿ” ಎಂದು ಓಬಕ್ಕ ಓಣಿ ಓಣಿ ಕೂಗಿದಳು. ರಂಗವ್ವ ಎಂಬ ಹುಡುಗುಬುದ್ಧಿಯ ಹೆಂಗಸು ಪೆಟ್ಟಿಗೆಗೆ ಕುಂಕುಮ ಹಚ್ಚಿ ಕೈ ಮುಗಿದು ಚೀಟಿ ಬಿಟ್ಟಳಂತೆ. ಊರೆಲ್ಲ ನಕ್ಕಿತು, ಓಬಕ್ಕನೂ ನಕ್ಕಳು.

ಅರವತ್ತರ ಹೊತ್ತಿಗೆ ಮಿಲ್ಲಿನವರು ಹೊಸ ಸುತ್ತುವ ಯಂತ್ರ ತರುತ್ತಾರೆಂಬ ಸುದ್ದಿ ಹಬ್ಬಿತು. ಒಂದು ಯಂತ್ರ ಬಂದರೆ ಒಂದು ಸಾಲು ಹೆಂಗಸರು ಮನೆಗೆ. ಶಾಖೆ ತಕ್ಷಣ ಎದ್ದು ನಿಂತಿತು. ‘ಹೊಟ್ಟೆಗೆ ಹೊಡೆಯುವ ಯಂತ್ರಕ್ಕೆ ಧಿಕ್ಕಾರ’ ಎಂದು ದಪ್ಪ ಮೊಳೆಯಲ್ಲಿ ನಾನೇ ಅಚ್ಚು ಹಾಕಿದೆ. ಮೂರು ತಿಂಗಳು ಮೆರವಣಿಗೆ, ಗೇಟಿನ ಎದುರು ಧರಣಿ, ಹರಿಹರದ ತನಕ ಪಾದಯಾತ್ರೆ. ಎಲ್ಲದರ ಮುಂದೆ ಓಬಕ್ಕನ ಗಂಟಲು. ಆಮೇಲೆ ಒಂದು ದಿನ ಶಾಖೆಯ ಗಂಡಸರು ಪಿಸುಪಿಸು ಮಾತಾಡತೊಡಗಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಮಗ್ಗದ ಖಾತೆಯವರಿಗೆ ಬೇಕಾಗಿದ್ದೇ ಬೇರೆ: ತುಟ್ಟಿಭತ್ಯೆ ಏರಬೇಕು, ಬದಲಿ ಕೆಲಸದವರು ಕಾಯಂ ಆಗಬೇಕು. ಎರಡನ್ನೂ ಕೊಡುತ್ತೇವೆ, ಯಂತ್ರಕ್ಕೆ ಅಡ್ಡ ಬರಬೇಡಿ ಎಂದರು ಮಿಲ್ಲಿನವರು.

ಹರಿಹರದಲ್ಲಿ ಎರಡೂ ಊರಿನ ಶಾಖೆಗಳು ಹೊಳೆದಂಡೆಯ ಒಂದು ಛತ್ರದಲ್ಲಿ ಸೇರಿದವು. ಅಂದು ಹೆಂಗಸರಿಗೆ ಪಾಳಿ ಇತ್ತು. ಓಬಕ್ಕ ಒಬ್ಬಳೇ ರಜ ಹಾಕಿ ಗಂಡಸರ ಜೊತೆ ರೈಲು ಹತ್ತಿದಳು. ಅಲ್ಲಿ ಆದದ್ದನ್ನು ಎಷ್ಟೋ ದಿನದ ಮೇಲೆ ಅವಳೇ ನನ್ನ ಜಗಲಿಯ ಮೇಲೆ ಕೂತು ಹೇಳಿದಳು. ಛತ್ರದೊಳಗೆ ಇವಳೊಬ್ಬಳೇ ಬೇಡವೆಂದು ವಾದಿಸಿದಳಂತೆ. ಸೂರಪ್ಪ ಅವಳನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋದನಂತೆ.

“ಒಂದು ವರ್ಷ, ಓಬಕ್ಕ. ಮಿಷನ್ ಕುಂತ ಮ್ಯಾಲೆ ನಿಮ್ಮವ್ರನ್ನೇ ಮೊದ್ಲು ಕರೀತಾರೆ. ಯಾರನ್ನ ಕರೀಬೇಕು ಅಂತ ಶಾಖೆನೇ ಹೇಳೋದು. ಮಿಲ್ಲಿನ ಸಾಹುಕಾರ ನನ್ನ ಕೈ ಮ್ಯಾಲೆ ಕೈ ಹಾಕಿ ಮಾತು ಕೊಟ್ಟಾನೆ.”

“ಹೆಂಗಸರನ್ನ ಕೇಳ್ಬೇಕಲ್ಲಪ್ಪ ನಾನು.”

“ಟೈಮಿಲ್ಲ. ನಾಳೆ ಬೆಳಿಗ್ಗೆ ಸಭೆ. ನಾಳೆ ಬಿಟ್ರೆ ಅದೂ ಹೋಗ್ತೈತೆ, ಇದೂ ಹೋಗ್ತೈತೆ. ನೀನು ಎತ್ತಿದ್ರೆ ಅವ್ರು ಎತ್ತತಾರೆ. ನನ್ನ ನಂಬಾಕಿಲ್ಲೇನು? ನಿಮ್ಮ ಕೂಸಿನ ಕೋಣೆಗೆ ಜೈಲಿಗೆ ಹೋಗಿದ್ದವನು ನಾನೇ ಅಲ್ಲೇನು?”

ಅದು ನಿಜವೇ ಆಗಿತ್ತು. ಕೊನೆಯ ರೈಲಿಗೆ ವಾಪಸು ಬಂದಾಗ ಓಣಿ ಮಲಗಿತ್ತು.

ಮರುದಿನ ಬೆಳಿಗ್ಗೆ ಕರಪತ್ರದ ಕಟ್ಟು ಹೊತ್ತು ನಾನೂ ಹುಣಸೆಮರದ ಹತ್ತಿರ ಹೋಗಿದ್ದೆ. ‘ಯಂತ್ರಕ್ಕೆ ಧಿಕ್ಕಾರ’ ಹೋಗಿ ‘ಪ್ರಗತಿಗೆ ಸಹಕಾರ’ ಬಂದಿತ್ತು. ಸೂರಪ್ಪ ಮಾತಾಡಿದ. ಒಪ್ಪುವವರು ಕೈ ಎತ್ತಿ ಎಂದ. ಗಂಡಸರು ಎತ್ತಿದರು. ಹೆಂಗಸರು ಕಟ್ಟೆಯ ತುದಿ ನೋಡಿದರು. ಓಬಕ್ಕ ಎಡಗೈಯಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದಳು. ಬಲಗೈ ಬಹಳ ಹೊತ್ತು ಏಳಲಿಲ್ಲ. ನಾನು ಒಳಗೊಳಗೇ, ಎತ್ತಬೇಡ ಕಣೆ, ಎತ್ತಬೇಡ ಎನ್ನುತ್ತಿದ್ದೆ. ಆಮೇಲೆ ಎದ್ದಿತು. ಅದರ ಹಿಂದೆ ಹೆಂಗಸರ ಕೈಗಳೆಲ್ಲ ಎದ್ದವು. ಏನಕ್ಕೆ ಎತ್ತಿದೆವೆಂದು ಅವರಿಗೆ ತಿಳಿದದ್ದು ಮಿಲ್ಲಿನ ನೋಟೀಸು ಓದಿಸಿಕೊಂಡಾಗ.

ಯಂತ್ರ ಬಂತು, ಹೆಂಗಸರು ಹೊರಗೆ ಬಿದ್ದರು. ಓಬಕ್ಕನೂ ಬಿದ್ದಳು. ಮಗ್ಗದ ಖಾತೆಗೆ ತುಟ್ಟಿಭತ್ಯೆ ಬಂತು, ಆ ವರ್ಷ ಗಂಡಸರು ಗಣಪತಿಯನ್ನು ಮೊದಲಿಗಿಂತ ದೊಡ್ಡದು ಕೂರಿಸಿದರು. ಹೆಂಗಸರಲ್ಲಿ ಕೆಲವರು ಶೇಂಗಾ ಸುಲಿಯುವ ಗಿರಣಿಗೆ ಹೋದರು, ಕೆಲವರು ಮಂಡಕ್ಕಿ ಭಟ್ಟಿಗೆ ನೆಲ್ಲು ಹೊರಲು ಹೋದರು. ಕರಿಯವ್ವ ಇಬ್ಬರು ಮಕ್ಕಳನ್ನು ಲೋಕಿಕೆರೆಯ ತವರಿಗೆ ಕಳಿಸಿ ಮನೆ ಮನೆ ಮುಸುರೆ ತಿಕ್ಕಿದಳು. ಚಿಕ್ಕದು ಅಲ್ಲಿ ಜ್ವರ ಬಂದು ಸತ್ತಿತು. ಮಣ್ಣಿಗೆ ಹೋಗುವ ಹೊತ್ತಿಗೂ ಇವಳು ಮುಟ್ಟಲಿಲ್ಲ. ಓಬಕ್ಕ ಅವಳ ಮನೆಗೆ ಹೋದಾಗ ಕರಿಯವ್ವ ಬೈಯಲಿಲ್ಲ, ಅಳಲಿಲ್ಲ, ಚಾಪೆ ಹಾಸಿ ನೀರು ಕೊಟ್ಟಳಂತೆ. “ಬೈದಿದ್ರೆ ಎಷ್ಟೋ ಚಲೋ ಇತ್ತು, ಜಂಬಯ್ಯಣ್ಣ,” ಎಂದು ನನ್ನ ಹತ್ತಿರ ಹೇಳಿ ಓಬಕ್ಕ ಕಣ್ಣೊರೆಸಿಕೊಂಡಳು. ಅವಳ ಗಂಟಲು ಆಗಲೇ ಒಡೆಯುತ್ತಿತ್ತು, ಅರಳೆ ಧೂಳಿನ ಕೆಮ್ಮು.

ಒಂದು ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಕರೆ ಬರಲಿಲ್ಲ. ಓಬಕ್ಕ ವಾರಕ್ಕೊಮ್ಮೆ ಸೂರಪ್ಪನ ಬಾಗಿಲಿಗೆ ಹೋಗಿ ಕೇಳುವಳು. ಅವನು ಸಾಹುಕಾರನ ಬಾಗಿಲಿಗೆ ಹೋಗಿ ಕೇಳುವನು. ಹೊಳೆ ದಾಟುವ ತನಕ ಅಂಬಿಗ ಎನ್ನುತ್ತಾರಲ್ಲ, ಮಿಲ್ಲಿನವರ ಹೊಳೆ ದಾಟಿ ಆಗಿತ್ತು. ಪುರಸಭೆಗೆ ಮತ್ತೆ ಚುನಾವಣೆ ಬಂದಾಗ ಮಾತ್ರ ಒಂದು ಸುದ್ದಿ ಸಿಕ್ಕಿತು. ಹೊಸ ಖಾತೆಗೆ ಒಂದಿಷ್ಟು ಹೆಂಗಸರನ್ನು ತೆಗೆದುಕೊಳ್ಳುತ್ತಾರಂತೆ, ಚುನಾವಣೆ ಮುಗಿದ ಕೂಡಲೇ, ಶಾಖೆ ಹೇಳಿದವರನ್ನು. ಓಬಕ್ಕನ ಮುಖಕ್ಕೆ ರಕ್ತ ಬಂತು. ಐದು ಜನವೋ ಆರು ಜನವೋ, ಕರೆಯಲಿ, ಕರಿಯವ್ವನನ್ನು ಮೊದಲು ಕರೆಯಲಿ ಎನ್ನುವುದೊಂದೇ ಅವಳ ಜಪವಾಯಿತು.

ಆ ಸಲ ಮತ ಹಾಕುವ ಪದ್ಧತಿ ಬದಲಾಗಿತ್ತು. ಪೆಟ್ಟಿಗೆ ಒಂದೇ. ಒಂದೇ ಚೀಟಿಯಲ್ಲಿ ಎಲ್ಲ ಚಿಹ್ನೆಗಳು. ಗೋಣಿತಾಟಿನ ಮರೆಗೆ ಹೋಗಿ, ಮೇಜಿನ ಮೇಲಿನ ರಬ್ಬರ್ ಮುದ್ರೆಯನ್ನು ಬೇಕಾದ ಚಿಹ್ನೆಯ ಮುಂದೆ ಒತ್ತಿ, ಮಡಚಿ ಪೆಟ್ಟಿಗೆಗೆ ಹಾಕಬೇಕು. ಹೆಂಗಸರಿಗೆ ಕಲಿಸುವ ಕೆಲಸ ಓಬಕ್ಕನ ಮೇಲೆ ಬಿತ್ತು. ನಾನು ಮಾದರಿ ಚೀಟಿ ಅಚ್ಚು ಹಾಕಿಕೊಟ್ಟೆ. ಮಧ್ಯಾಹ್ನ ಮಧ್ಯಾಹ್ನ ನನ್ನ ಜಗಲಿಯೇ ಶಾಲೆಯಾಯಿತು. ಸೀಸೆಯ ಬಿರಡೆಯೇ ಮುದ್ರೆ, ನನ್ನ ಪ್ರೆಸ್ಸಿನ ಮಸಿಯೇ ಮಸಿ. ರಂಗವ್ವ ಮೊದಲ ದಿನ ಚೀಟಿ ಬಿಟ್ಟು ನನ್ನ ಗೋಡೆಗೆಲ್ಲ ಒತ್ತಿದಳು.

“ಏ ರಂಗಿ, ಗೋಡೆ ಚುನಾವಣೆಗೆ ನಿಂತಿಲ್ಲ ಕಣೆ!” ಎಂದು ಗದರಿದೆ.

“ನಿಂತಿದ್ರೆ ಅದಕ್ಕೇ ಹಾಕ್ತಿದ್ದೆ ಬಿಡ್ರಿ. ಅದು ಮಾತು ಕೊಡಂಗಿಲ್ಲ, ತಪ್ಪಂಗಿಲ್ಲ,” ಎಂದಳು.

ಎಲ್ಲರೂ ನಕ್ಕರು. ಓಬಕ್ಕ ನಗಲಿಲ್ಲ. ಕರಿಯವ್ವ ಎಲ್ಲರಿಗಿಂತ ಮೊದಲು ಕಲಿತಳು. ಒಂದು ಸಲ ಕಂದೀಲಿನ ಮುಂದೆ ನೆಟ್ಟಗೆ ಒತ್ತಿ ತೋರಿಸಿ, ಬಿರಡೆ ಕೆಳಗಿಟ್ಟು ಕೇಳಿದಳು: “ಒತ್ತದೇ ಹಾಕಿದ್ರೆ ಏನಾಗ್ತೈತೆ?”

“ಒತ್ತದಿದ್ರೆ ಯಾರಿಗೂ ಇಲ್ಲ. ಚೀಟಿ ಹಾಳು,” ಎಂದಳು ಓಬಕ್ಕ.

“ಹಂಗಾ,” ಎಂದಳು ಕರಿಯವ್ವ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಆಗ ಅದರಲ್ಲಿ ಏನೂ ಹೊಳೆಯಲಿಲ್ಲ, ಮೊಳೆ ಜೋಡಿಸುತ್ತ ಕೂತಿದ್ದೆ.

ಶಾಖೆಯಿಂದ ಆ ಸಲವೂ ನಿಂತವನು ಸೂರಪ್ಪನೇ. ಎದುರಾಳಿ ಅಡತಿ ಅಂಗಡಿಯ ಒಬ್ಬ ಸಾಹುಕಾರ, ಮಿಲ್ಲಿನವರ ಬೀಗರ ಕಡೆಯವನು. ಮತದಾನದ ದಿನ ಓಬಕ್ಕ ಬೆಳಕು ಹರಿಯುತ್ತಲೇ ಓಣಿಯ ಬಾಗಿಲು ಬಾಗಿಲು ತಟ್ಟಿ ಹೆಂಗಸರನ್ನು ಎಬ್ಬಿಸಿದಳು, ಆಮೇಲೆ ಶಾಖೆಯ ಏಜೆಂಟಾಗಿ ಹೆಂಗಸರ ಬೂತಿನೊಳಗೆ ಬೆಂಚಿನ ಮೇಲೆ ಕೂತಳು. ವೈಂಡಿಂಗ್ ಖಾತೆಯ ಹೆಂಗಸರು ಒಬ್ಬರೂ ತಪ್ಪಿಸಲಿಲ್ಲ. ತಲೆ ಬಾಚಿ, ಹೂವು ಮುಡಿದು, ಮದುವೆಗೆ ಬಂದಂತೆ ಬಂದರು. ಅದನ್ನು ನೋಡಿ ಸೂರಪ್ಪ ಮೀಸೆ ತಿರುವಿದ.

ಮರುದಿನ ಎಣಿಕೆ. ಹೆಂಗಸರ ಬೂತಿನ ಪೆಟ್ಟಿಗೆ ಸುರಿದಾಗ ಬಿಳಿ ಚೀಟಿಗಳು ಬಿದ್ದವಂತೆ, ಒಂದು ರಾಶಿ. ಮಸಿಯ ಗುರುತೇ ಇಲ್ಲ. ಅಷ್ಟೂ ಹಾಳು. ಸಾಹುಕಾರ ಗೆದ್ದ. ಅವನ ಕಡೆಯವರು ನನ್ನ ಪ್ರೆಸ್ಸಿನ ಮುಂದೆಯೇ ಗುಲಾಲು ಎರಚಿಕೊಂಡು ಕುಣಿದರು. ಸೂರಪ್ಪ ಬಂದು ಜಗಲಿಯ ಮೇಲೆ ಕುಸಿದು ಕೂತ.

“ಕತ್ತೆಗಳು, ಜಂಬಯ್ಯ! ಒಂದು ಮುದ್ರೆ ಒತ್ತಾಕ ಬರಂಗಿಲ್ಲ ಅಂದ್ರೆ! ಓಬಕ್ಕ ಏನು ಕಲಿಸಿದ್ಲು ಇಷ್ಟು ದಿನ?” ಎಂದು ತಲೆ ಚಚ್ಚಿಕೊಂಡ. ಆಮೇಲೆ ದನಿ ತಗ್ಗಿಸಿ, “ಬೇಕಂತ್ಲೇ ಮಾಡಿದ್ರೋ ಏನೋ. ಬೇಕಂತ್ಲೇ ಮಾಡಿದ್ದು ಅಂತ ಗೊತ್ತಾಗ್ಲಿ, ಅವ್ರಲ್ಲಿ ಒಬ್ಬಳ ಹೆಸರೂ ಮಿಲ್ಲಿಗೆ ಹೋಗಂಗಿಲ್ಲ. ಸಾಯ್ಲಿ,” ಎಂದ.

ಸಂಜೆಗೆ ಓಬಕ್ಕ ಬಂದಳು. ನಾನು ಅವಳ ಮೇಲೆ ಹರಿಹಾಯ್ದೆ. ನನ್ನ ಜಗಲಿ, ನನ್ನ ಮಸಿ, ನನ್ನ ಗೋಡೆ, ಎಲ್ಲ ಹಾಳು ಮಾಡಿ ಕಲಿಸಿದ್ದು ಇದೇನಾ ಎಂದೆ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು:

“ಕಲ್ತಾರೆ, ಜಂಬಯ್ಯಣ್ಣ. ಚೆನ್ನಾಗಿ ಕಲ್ತಾರೆ.”

“ಮತ್ತೆ?”

“ಬೂತಿನಾಗ ಮುದ್ರಿ ಒತ್ತಿದ್ರೆ ಮೇಜು ಠಪ್ ಅಂತಿತ್ತು. ಬ್ಯಾರೆ ಓಣಿ ಹೆಂಗಸ್ರು ಹೋದ್ರೆ ಠಪ್, ಠಪ್. ನಮ್ಮವ್ರು ಹೋದ್ರು, ಬಂದ್ರು. ಸಪ್ಪಳ ಇಲ್ಲ. ಕರಿಯವ್ವ ಹೋದ್ಲು, ಸಪ್ಪಳ ಇಲ್ಲ. ರಂಗವ್ವ ಹೋದ್ಲು, ಸಪ್ಪಳ ಇಲ್ಲ. ನಂಗೆ ಅಲ್ಲೇ ತಿಳೀತು. ಬೆಂಚಿನ ಮ್ಯಾಲೆ ಕಲ್ಲಾಗಿ ಕುಂತಿದ್ದೆ.”

ಅವಳೇ ಮುಂದುವರಿಸಿದಳು. “ಸಾಹುಕಾರನಿಗೆ ಹಾಕಾಕ ಮನಸಿಲ್ಲ. ಸೂರಪ್ಪಗೆ ಹಾಕಾಕ ಹೊಟ್ಟಿ ಒಪ್ಪಲ್ಲ. ಬರಾದೇ ಬಿಟ್ರೆ ನಂಗೆ ಅವಮಾನ. ಅದಕ್ಕ ಬಂದ್ರು. ನನ್ ಮಾತಿಗೆ ಬಂದ್ರು, ಚೀಟಿ ಮಾತ್ರ ಕೊಡಲಿಲ್ಲ. ಅವತ್ತು ನಾನು ಅವ್ರನ್ನ ಕೇಳದೇ ಕೈ ಎತ್ತಿದ್ನಲ್ಲ, ಅದಕ್ಕ ಉತ್ರ ಕೊಟ್ರು.”

“ನೀನು? ನಿನ್ನ ಚೀಟಿ?”

“ಒತ್ತಿದೆ. ಕಂದೀಲಿಗೇ ಒತ್ತಿದೆ,” ಎಂದಳು. “ನಾನು ಬ್ಯಾರೆ ಏನು ಮಾಡ್ಲಿ?”

ನಾನು ಎದ್ದು ನಿಂತೆ. ಸೂರಪ್ಪನ ಮುಖಕ್ಕೆ ಇದನ್ನೆಲ್ಲ ಹೇಳಿಬರುತ್ತೇನೆ, ಹೆಂಗಸರು ಕತ್ತೆಗಳಲ್ಲ, ನಿನಗೆ ಉಗಿದಿದ್ದಾರೆ ಎಂದು ಹೇಳುತ್ತೇನೆ ಎಂದೆ. ಓಬಕ್ಕ ನನ್ನ ತೋಳು ಹಿಡಿದಳು. ಅವಳು ಹಾಗೆ ಯಾರನ್ನೂ ಮುಟ್ಟಿದವಳಲ್ಲ.

“ಹೇಳಿದ್ರೆ ಕರಿಯವ್ವನ ಬಾಯಿಗೆ ಮಣ್ಣು ಬೀಳ್ತೈತೆ. ಮುಂದಿನ ವಾರ ಮಿಲ್ಲಿನಾಗ ಕರೀತಾರೆ. ಬ್ಯಾಡ್ರಿ. ನನ್ನಾಣೆ ಐತೆ.”

ಸಭೆ ಅದೇ ಹುಣಸೆಮರದ ಕೆಳಗೆ ಸೇರಿತು. ಸೋಲಿಗೆ ಕಾರಣ ಹುಡುಕುವ ಸಭೆ. ಓಬಕ್ಕ ತನ್ನ ಕಟ್ಟೆಯ ತುದಿಯಲ್ಲಿ ನಿಂತಳು. ಹೆಂಗಸರು ಹಿಂದೆ ನೆಲದ ಮೇಲೆ ಕೂತಿದ್ದರು. ಸೂರಪ್ಪ ನೇರವಾಗಿ ಕೇಳಿದ:

“ಓಬಕ್ಕ, ಎಲ್ಲರ ಎದುರಿಗೆ ಹೇಳು. ಇದು ಬೇಕಂತ ಆಗೈತೋ, ಬರದೇ ಆಗೈತೋ?”

“ಬರದೇ ಆಗೈತೆ,” ಎಂದಳು ಓಬಕ್ಕ. ಒಡೆದ ಗಂಟಲಿನಲ್ಲೂ ಆ ಮಾತು ಗೇಟಿನ ತನಕ ಕೇಳಿಸಿತು. “ಅವ್ರದ್ದೇನೂ ತಪ್ಪಿಲ್ಲ. ನಂಗೇ ಹೊಸ ಪದ್ಧತಿ ತಿಳಿದಿರಲಿಲ್ಲ. ಚೀಟಿ ಮಡಚಿ ಹಾಕ್ರಿ ಅಂದೆ, ಮುದ್ರಿ ಒತ್ರಿ ಅನ್ನಾದು ಮರ್ತೆ. ನಾನು ಹೇಳಿದಂಗೆ ಅವ್ರು ಮಾಡ್ಯಾರೆ.”

ಗಂಡಸರು ಗದ್ದಲ ಎಬ್ಬಿಸಿದರು. ಒಬ್ಬ “ಸಾಹುಕಾರ ಎಷ್ಟು ಕೊಟ್ಟ?” ಎಂದು ಕೂಗಿದ. ಥೂ ಅವನ ಜನ್ಮಕ್ಕೆ. ಹಿಂದಿನ ಸಾಲಿನಿಂದ ಕರಿಯವ್ವ ಅರ್ಧ ಎದ್ದಳು, ಬಾಯಿ ತೆರೆದಳು. ಓಬಕ್ಕ ಅವಳನ್ನು ಒಂದು ನೋಟ ನೋಡಿದಳು. ನಾನು ಆ ನೋಟವನ್ನು ಕಂಡೆ. ಕರಿಯವ್ವ ಹಾಗೇ ಕೂತುಬಿಟ್ಟಳು.

ಇಂಥ ಬೇಜವಾಬ್ದಾರಿಗೆ ಶಾಖೆಯಿಂದ ತೆಗೆಯುವುದೇ ಸರಿ ಎಂದು ಯಾರೋ ಸೂಚಿಸಿದರು. ಸೂರಪ್ಪನ ಮುಖ ಕಪ್ಪಿಟ್ಟಿತು, ಆದರೂ ಪದ್ಧತಿ ಪದ್ಧತಿಯೇ. “ಓಬಕ್ಕನ ಹೆಸರು ಶಾಖೆಯಿಂದ ತೆಗೀಬೇಕು ಅನ್ನೋರು ಕೈ ಎತ್ರಿ,” ಎಂದ. ಗಂಡಸರ ಕೈಗಳು ಎದ್ದವು. ಹೆಂಗಸರ ಕೈ ಏಳಲಿಲ್ಲ. ಒಂದೂ ಏಳಲಿಲ್ಲ. ಗಂಡಸರು ತಿರುಗಿ ನೋಡತೊಡಗಿದರು. “ಇವ್ರೆಲ್ಲ ಒಂದೇ, ಬೇಕಂತ್ಲೇ ಮಾಡ್ಯಾರೆ ನೋಡು” ಎನ್ನುವ ಗುಸುಗುಸು ಸೂರಪ್ಪನ ಕಿವಿಗೆ ಬಿತ್ತು. ಅವನು ಹುಬ್ಬು ಗಂಟಿಕ್ಕಿ ಹೆಂಗಸರ ಕಡೆ ನೋಡಿದ.

ಆಗ ಓಬಕ್ಕ ಬಲಗೈ ಎತ್ತಿದಳು.

ತನ್ನನ್ನು ತೆಗೆಯಲು ತಾನೇ ಎತ್ತಿದಳು, ತೋಳು ನೆಟ್ಟಗೆ ಚಾಚಿ, ಎಲ್ಲರಿಗೂ ಕಾಣುವಂತೆ. ಹೆಂಗಸರು ನೋಡುತ್ತ ಕೂತರು. ಅವಳು ಇಳಿಸಲಿಲ್ಲ. ಎತ್ರಿ ಎನ್ನುವಂತೆ ಗದ್ದ ಆಡಿಸಿದಳು. ಮೊದಲು ರಂಗವ್ವನ ಕೈ ಎದ್ದಿತು, ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆಮೇಲೆ ಒಂದೊಂದೇ ಎದ್ದವು. ಎಲ್ಲರಿಗಿಂತ ಕೊನೆಗೆ ಕರಿಯವ್ವನದು. ‘ಸರ್ವಾನುಮತ’ ಎಂದ ಸೂರಪ್ಪ. ನಾನು ಜೀವನದಲ್ಲಿ ಬೇಕಾದಷ್ಟು ನೋಡಿದ್ದೇನೆ, ಅಂಥದ್ದನ್ನು ನೋಡಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ.

ಮುಂದಿನ ವಾರ ಮಿಲ್ಲಿನವರು ಕರೆದರು. ಕರಿಯವ್ವ, ರಂಗವ್ವ, ಇನ್ನು ಮೂವರು. ಉಳಿದವರನ್ನು ಎಂದಿಗೂ ಕರೆಯಲಿಲ್ಲ. ಓಬಕ್ಕ ಹರಿಹರಕ್ಕೆ ತಂಗಿ ನೀಲಕ್ಕನ ಮನೆಗೆ ಹೋದಳು. ಹೊಳೆದಂಡೆಯ ಇಟ್ಟಿಗೆ ಭಟ್ಟಿಯಲ್ಲಿ ಇಟ್ಟಿಗೆ ಹೊತ್ತಳು. ಕೆಮ್ಮು ಜಾಸ್ತಿಯಾದ ಮೇಲೆ ಅದೂ ನಿಂತಿತು. ಕರಿಯವ್ವ ರಜದ ದಿನ ರೈಲು ಹತ್ತಿ ಹೋಗಿ ಬರುವಳು, ಬರುವಾಗ ನನ್ನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂಡುವಳು. “ಹೆಂಗದಾಳೆ?” ಎಂದು ಕೇಳಿದರೆ, “ಉಳಿದವ್ರನ್ನ ಕರೆದ್ರಾ ಅಂತ ಕೇಳ್ತಾಳ್ರಿ, ಹೋದಾಗೆಲ್ಲ ಅದೇ,” ಎನ್ನುವಳು. ಕೊನೆಕೊನೆಗೆ ಓಬಕ್ಕನಿಗೆ ದನಿಯೇ ಹೊರಡುತ್ತಿರಲಿಲ್ಲವಂತೆ. ಆ ಗಂಟಲಿಗೆ ಅಂಥ ಗತಿ ಬರಬಾರದಿತ್ತು. ಅರವತ್ತಾರರ ಬೇಸಿಗೆಯಲ್ಲಿ ಸತ್ತಳು. ಹರಿಹರದಲ್ಲೇ ಮಣ್ಣು ಮಾಡಿದರು.

ಶಾಖೆಯವರು ಸಂತಾಪ ಸಭೆ ಕರೆದರು. ಮತ್ತೆ ಚುನಾವಣೆ ಹತ್ತಿರ ಬರುತ್ತಿತ್ತು, ಅದೂ ಒಂದು ಕಾರಣ. ಆದರೆ ಸೂರಪ್ಪ ಅತ್ತದ್ದು ಸುಳ್ಳಲ್ಲ. ನಾನು ಎದುರಿಗೇ ಇದ್ದೆ, ಅವನ ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಅವಳ ಗಂಟಲು, ಅವಳ ಧೈರ್ಯ, ಕೂಸಿನ ಕೋಣೆ, ಎಲ್ಲವನ್ನೂ ನೆನೆದ. ತೆಗೆದುಹಾಕಿದ್ದನ್ನು ನೆನೆಯಲಿಲ್ಲ. ಕೊನೆಗೆ, “ನಮ್ಮ ಓಬಕ್ಕನ ಅಗಲಿಕೆಗೆ ಶಾಖೆ ಸಂತಾಪ ಸೂಚಿಸ್ತೈತೆ. ಒಪ್ಪೋರು ಕೈ ಎತ್ರಿ,” ಎಂದ.

ಗಂಡಸರು ಎತ್ತಿದರು. ವೈಂಡಿಂಗ್ ಖಾತೆಯ ಹೆಂಗಸರು, ಕೆಲಸ ಸಿಕ್ಕವರು, ಸಿಗದವರು, ಎಲ್ಲರೂ ಬಂದಿದ್ದರು. ಅವರು ಕಟ್ಟೆಯ ತುದಿ ನೋಡುತ್ತ ಕೂತಿದ್ದರು. ಅಲ್ಲಿ ಯಾರೂ ಇರಲಿಲ್ಲ. ಕೈಗಳು ಮಡಿಲಲ್ಲೇ ಇದ್ದವು.

ಸೂರಪ್ಪ ಕಾದ. “ಅವ್ವಂದಿರಾ,” ಎಂದ, “ಓಬಕ್ಕನ ಸಲುವಾಗಿ ಒಂದು ಕೈ ಎತ್ತಾಕಾಗಲ್ಲೇನ್ರವ್ವ?”

ಕರಿಯವ್ವ ಕೂತಲ್ಲಿಂದ ಏಳಲಿಲ್ಲ, ದನಿ ಏರಿಸಲೂ ಇಲ್ಲ.

“ಓಬಕ್ಕ ಎತ್ಲಿ,” ಎಂದಳು. “ಆಮ್ಯಾಲೆ ನಾವು ಎತ್ತತೀವಿ.”

ಎತ್ತಿದ ಗಂಡಸರ ಕೈಗಳು ಒಂದೊಂದಾಗಿ ತಾವೇ ಕೆಳಗಿಳಿದವು. ಹೆಂಗಸರು ಸೆರಗು ಕೊಡವಿಕೊಂಡು ಎದ್ದು ಮನೆಗೆ ಹೋದರು.

ಮರುದಿನ ಸೂರಪ್ಪ ಕರಪತ್ರದ ಬರಹ ತಂದು ನನ್ನ ಮುಂದಿಟ್ಟ. ಓದಿದೆ. ‘ದಿವಂಗತ ಓಬಕ್ಕನವರಿಗೆ ಶಾಖೆಯ ಸಭೆಯು ಸರ್ವಾನುಮತದಿಂದ ಸಂತಾಪ ಸೂಚಿಸಿತು’ ಎಂದಿತ್ತು. ನಾನು ಕಾಗದವನ್ನು ಅವನ ಕೈಗೇ ವಾಪಸು ಕೊಟ್ಟೆ.

“ಈ ಊರಾಗ ಬ್ಯಾರೆ ಪ್ರೆಸ್ ಅದಾವೆ, ಸೂರಪ್ಪ. ಅಲ್ಲಿಗೆ ಹೋಗು,” ಎಂದೆ.

ಅವನು ನನ್ನ ಗೋಡೆಯನ್ನು ನೋಡಿದ. ಮುದ್ರೆ ಒತ್ತಲು ಕಲಿಯುವಾಗ ರಂಗವ್ವ ಒತ್ತಿದ್ದ ಮಸಿಯ ಗುರುತುಗಳನ್ನು ನಾನು ಇನ್ನೂ ಅಳಿಸಿರಲಿಲ್ಲ. ಬಿರಡೆಯ ಗುರುತು ಸಾಲಾಗಿ, ಒಂದರ ಪಕ್ಕ ಒಂದು. ಬಹಳ ಹೊತ್ತು ನೋಡಿದ. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಜಗಲಿ ಇಳಿದು ಹೋದ.